ರೂವಾರಿಯ ಅಂಕಿತ, ಅಚ್ಚಿನ ಪಟ



ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದನೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ಉಳಿಯುವುದು ಲೋಕರೂಢಿಯಷ್ಟೆ. ಇಲ್ಲಿ ಉಳಿ ಹಿಡಿದವನ ಹೆಸರೂ ಮದನಿಕೆಯರ ಪೀಠದ ಮೇಲೆ ಉಳಿದುಕೊಂಡಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ ಮೊದಲಾದವರು ತಮ್ಮ ಊರನ್ನೂ ಮನೆತನವನ್ನೂ, ಎದುರಾಳಿ ರೂವಾರಿಗಳ ಗರ್ವಭಂಗ ಮಾಡಿದೆವೆಂಬ ಬಿರುದುಗಳನ್ನೂ, ಸಂಕೋಚದ ಲೇಶವೂ ಇಲ್ಲದೆ ಕಲ್ಲಿನಲ್ಲಿ ಕೊರೆದಿರುವರು. ಆರ್. ನರಸಿಂಹಾಚಾರ್ಯರು 1919ರಲ್ಲಿ ಹೊರತಂದ ಬೇಲೂರಿನ ಗ್ರಂಥದಲ್ಲಿ ಈ ಅಂಕಿತಗಳನ್ನು ಸಂಗ್ರಹಿಸಿ ಉಪಕರಿಸಿದ್ದಾರೆ.

ಹಾಗೆಂದು ಹೊಯ್ಸಳರ ಕಾಲದಲ್ಲಿ ಒಂದೇ ರೂಪವನ್ನು ಮತ್ತೆ ಮತ್ತೆ ಮಾಡುತ್ತಿರಲಿಲ್ಲವೆಂದು ತಿಳಿಯತಕ್ಕದ್ದಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಅಧಿಷ್ಠಾನದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳ ಸಾಲು, ಬಳ್ಳಿ, ಕುದುರೆ ಎಂದು ಪಟ್ಟಿಕೆಯ ಮೇಲೆ ಪಟ್ಟಿಕೆ ಬಂದಿರುವುದು ಒಬ್ಬಿಬ್ಬರ ಕೈಯಿಂದ ಆಗತಕ್ಕ ಕೆಲಸವಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಬಳಪದ ಕಲ್ಲನ್ನು ಹಂಚಿಕೊಂಡು, ಶಾಸ್ತ್ರದ ಅಳತೆಗೆ ಒಳಪಟ್ಟು, ಒಂದು ತಂಡವೇ ದುಡಿದಿರಬೇಕು. ಹದಿಮೂರನೆಯ ಶತಮಾನದ ಮಲ್ಲಿತಮ್ಮನಂತೂ ನುಗ್ಗೇಹಳ್ಳಿ, ಸೋಮನಾಥಪುರ ಎಂದು ಊರೂರಿನಲ್ಲಿ ಕೆಲಸಮಾಡಿ, ಕೆಲವೆಡೆ ಹೆಸರಿನ ಮೊದಲಕ್ಷರವನ್ನಷ್ಟೇ ಕೆತ್ತಿ ಮುಂದಕ್ಕೆ ಸಾಗಿದ್ದಾನೆ. ಆದರೂ ಆ ಆನೆಗಳ ಪಕ್ಕದಲ್ಲಿ ಮೆಲ್ಲನೆ ನಡೆದು ನೋಡಿದವರಿಗೆ, ಸೊಂಡಿಲಿನ ತಿರುವಿನಲ್ಲಿಯೋ ಮಾವುತನ ಭಂಗಿಯಲ್ಲಿಯೋ ಒಂದೊಂದು ಕೈಯೂ ತನ್ನ ಸ್ವಾತಂತ್ರ್ಯವನ್ನು ಇಷ್ಟಿಷ್ಟೇ ಕದ್ದುಕೊಂಡಿರುವುದು ಗೋಚರವಾಗುತ್ತದೆ. ಆದುದರಿಂದ ಸಂಖ್ಯೆ ಹೆಚ್ಚಾದೊಡನೆ ಕಲೆ ಕೆಡುತ್ತದೆಂಬ ವಾದವನ್ನು ನಾನು ಒಪ್ಪಲಾರೆ.

ಚಿತ್ರಕಲೆಯ ವಿಷಯವೂ ಹೀಗೆಯೇ. ಮೈಸೂರಿನ ಚಿತ್ರಗಾರರು ಸಫೇದವನ್ನೂ ಮಕ್ಕಿಯನ್ನೂ ಅಂಟಿನಲ್ಲಿ ಅರೆದು, ದೇವರ ಕಿರೀಟವನ್ನು ಕುಂಚದಿಂದ ಉಬ್ಬುಗೆಲಸವಾಗಿ ಎತ್ತಿ, ಅದರ ಮೇಲೆ ಚಿನ್ನದ ರೇಕು ಹಚ್ಚುತ್ತಿದ್ದ ಕಾಲದಲ್ಲಿ, ಅಂಥ ಪಟವು ಉಳ್ಳವರ ಪೂಜಾಗೃಹಕ್ಕೆ ಮೀಸಲು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು, ಬಣ್ಣಕ್ಕೊಂದು ಕಲ್ಲಿನಂತೆ ಒಂದೇ ಹಾಳೆಯ ಮೇಲೆ ಹಲವು ಬಾರಿ ಅಚ್ಚೊತ್ತಿಸಿ, ಲಕ್ಷ್ಮೀ ಸರಸ್ವತಿಯರನ್ನು ಸಾಮಾನ್ಯರ ಗೋಡೆಗೆ ತಂದನು. ದೇವಾಲಯದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮನೆಗೂ ದೇವರು ಬಂದನೆಂಬುದನ್ನು ಮರೆತು ಅಚ್ಚಿನ ಪಟವನ್ನು ಹಳಿಯುವುದು ರಸಿಕತೆಯಾಗದು. ಅಚ್ಚಾದ ದೇವಿಗೆ ಗೃಹಿಣಿಯರು ಜರಿಯನ್ನೂ ಚಮಕಿಯನ್ನೂ ಅಂಟಿಸಿ ಸೀರೆ ಉಡಿಸಿದ್ದೂ ಉಂಟು. ಯಂತ್ರ ಕೈಬಿಟ್ಟ ಕೆಲಸವನ್ನು ಮನೆಯ ಕೈ ಪೂರೈಸಿತು.

ಇಷ್ಟು ಹೇಳಿದ ಮೇಲೂ ರವಿವರ್ಮನ ಮೂಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಂಡವರು, ಅಚ್ಚಿನಲ್ಲಿ ತೈಲವರ್ಣದ ಆಳವೂ ಮೈಬಣ್ಣದ ಛಾಯೆಯೂ ಎಷ್ಟು ಸವೆದುಹೋಗಿವೆಯೆಂಬುದನ್ನು ಬಲ್ಲರು. ಬೇಲೂರಿನ ಬೀದಿಯಲ್ಲಿ ಮಾರುವ ಗೇಣುದ್ದದ ಎರಕದ ದರ್ಪಣಸುಂದರಿಯರಿಗೂ ಇದೇ ಗತಿ. ಒಬ್ಬ ಮದನಿಕೆಯ ತಲೆಯ ಮೇಲಣ ಲತಾವಿತಾನದಲ್ಲಿ ಹಣ್ಣಿನ ಮೇಲೊಂದು ನೊಣ, ಅದನ್ನು ಹೊಂಚುಹಾಕಿದ ಹಲ್ಲಿ ಇವೆಯಷ್ಟೆ. ಅಚ್ಚಿಗೆ ಸುರಿದ ಪ್ರತಿಯಲ್ಲಿ ಮೊದಲು ಮಾಯವಾಗುವುದು ಆ ನೊಣ. ಅರಸನೂ ಕೇಳಿರಲಾರ, ಶಾಸ್ತ್ರವೂ ವಿಧಿಸಿರಲಾರದು. ರೂವಾರಿಯು ತನ್ನ ಸಂತೋಷಕ್ಕಾಗಿ ಮಾಡಿದ ಆ ಅಧಿಕಪ್ರಸಂಗವೇ ಮೂಲಕೃತಿಯ ಬೆಲೆಯೆಂದು ನನ್ನ ಮತ.

ಎರಕದ ಗೊಂಬೆಯನ್ನು ಕೊಳ್ಳಬೇಡಿರೆಂದು ನಾನು ಹೇಳುವುದಿಲ್ಲ. ಅದನ್ನು ಮಾರಿ ಬದುಕುವ ಸಂಸಾರಗಳಿವೆ. ಆದರೆ ಅರಸೀಕೆರೆಯ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಕಾದಿರುವ ಮಹನೀಯರು, ಕಾಲಾವಕಾಶವಿದ್ದರೆ, ಹದಿಮೂರನೆಯ ಶತಮಾನದ ಈಶ್ವರ ದೇವಾಲಯವು ಆ ಊರಿನಲ್ಲಿಯೇ ಇದೆಯೆಂಬುದನ್ನು ನೆನೆಯಬೇಕು. ಅದರ ನಕ್ಷತ್ರಾಕಾರದ ಮುಖಮಂಟಪದೊಳಗೆ ನಿಂತು ಒಮ್ಮೆ ಮೇಲಕ್ಕೆ ನೋಡಿ ಬರಬೇಕೆಂದು ನನ್ನ ಬಿನ್ನಹ.