ಮಗಳ ಪ್ರಶ್ನೆಯೂ ಸಾಪೇಕ್ಷತಾ ಸಿದ್ಧಾಂತವೂ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿಜ್ಞಾನಿಯಲ್ಲ, ಉಪಾಧ್ಯಾಯನೂ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವವನು. ಐನ್‌ಸ್ಟೈನರ ವಿಷಯ ಎತ್ತಿಕೊಳ್ಳಲು ಕಾರಣ ನನ್ನ ಮಗಳು. ಒಂಬತ್ತನೆಯ ತರಗತಿಯಲ್ಲಿ ಓದುವ ಆಕೆ ಒಂದು ಸಂಜೆ, "ಅಪ್ಪಾ, ಗುರುತ್ವ ಎಂದರೆ ಸೆಳೆತವೇ ಅಲ್ಲವಂತೆ, ನಿಜವೇ?" ಎಂದಳು. ನಾನು ತಡವರಿಸಿದೆ. "ಹೋಗಲಿ ಬಿಡಿ, ಇದನ್ನೆಲ್ಲ ಕನ್ನಡದಲ್ಲಿ ಹೇಳಲಾಗುವುದಿಲ್ಲ," ಎಂದು ಎದ್ದು ಹೋದಳು. ನಿಮಗೆ ಗೊತ್ತಿಲ್ಲವೆಂದಿದ್ದರೆ ಸಹಿಸುತ್ತಿದ್ದೆ. ತಪ್ಪನ್ನು ಭಾಷೆಯ ಮೇಲೆ ಹೊರಿಸಿದ್ದು ಚುಚ್ಚಿತು.

ಮುಂದಿನ ಭಾನುವಾರ ಪ್ಲಾಸ್ಟಿಕ್ ಬಾಟಲಿಯೊಂದರ ಬದಿಯಲ್ಲಿ, ತಳದ ಹತ್ತಿರ, ತೂತು ಕೊರೆದು, ನೀರು ತುಂಬಿ, ಬೆರಳಿನಿಂದ ಮುಚ್ಚಿಕೊಂಡು ಎರಡನೆಯ ಮಹಡಿಯ ಬಾಲ್ಕನಿಗೆ ಹೋದೆ. ಮಗಳು ಕೆಳಗೆ, ಕೈಯಲ್ಲಿ ಮೊಬೈಲಿನ ಕ್ಯಾಮೆರಾ. ಬೆರಳು ತೆಗೆದೊಡನೆ ನೀರು ಚಿಮ್ಮಿತು. ಬಾಟಲಿಯನ್ನು ಕೈಬಿಟ್ಟೆ. ಕಾವಲುಗಾರ ಬೈದ, ಅದಿರಲಿ. ಚಿತ್ರವನ್ನು ನಿಧಾನವಾಗಿ ಓಡಿಸಿ ನೋಡಿದರೆ, ಬೀಳುವಷ್ಟು ಹೊತ್ತೂ ಧಾರೆ ನಿಂತುಹೋಗಿತ್ತು! ಬಾಟಲಿಯೂ ನೀರೂ ಒಂದೇ ವೇಗದಲ್ಲಿ ಬೀಳುವಾಗ, ಒತ್ತಿ ಹೊರದೂಡುವ ಭಾರವೇ ನೀರಿಗೆ ಇರುವುದಿಲ್ಲ. ಬೀಳುತ್ತಿರುವವನಿಗೆ ತನ್ನ ತೂಕ ತಿಳಿಯದು ಎಂಬ ಈ ಯೋಚನೆ ಐನ್‌ಸ್ಟೈನರಿಗೆ ಹೊಳೆದದ್ದು 1907ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದಾಗ. ಅವರೂ ಕಚೇರಿ ನೌಕರರೇ ಎಂಬುದು ನನಗೊಂದು ಸಮಾಧಾನ. ಅಲ್ಲಿಂದ ಪೂರ್ಣ ಸಿದ್ಧಾಂತಕ್ಕೆ 1915ರವರೆಗೆ ದುಡಿಯಬೇಕಾಯಿತು.

ಮಕ್ಕಳಿಗೆ ಸಾಮಾನ್ಯವಾಗಿ ತೋರಿಸುವುದು ಬೇರೆ: ಬಿಗಿದು ಕಟ್ಟಿದ ರಬ್ಬರ್ ಹಾಳೆಯ ನಡುವೆ ಭಾರದ ಗುಂಡು, ಸುತ್ತ ಉರುಳುವ ಗೋಲಿ. ನೋಡಲು ಸೊಗಸು. ಆದರೆ ಗೋಲಿ ತಗ್ಗಿಗೆ ಉರುಳುವುದು ಭೂಮಿಯ ಸೆಳೆತದಿಂದಲೇ ತಾನೇ? ಸೆಳೆತವನ್ನು ವಿವರಿಸಲು ಸೆಳೆತವನ್ನೇ ಸಾಕ್ಷಿಗೆ ಕರೆದಂತಾಯಿತು. ಮೇಲಾಗಿ ಆ ಹಾಳೆ ಕಾಲವನ್ನು ತೋರಿಸುವುದೇ ಇಲ್ಲ. ಮರದಿಂದ ಹಣ್ಣು ಬೀಳುವುದಕ್ಕೆ ಮುಖ್ಯ ಕಾರಣ ಕಾಲದ ಬಾಗುವಿಕೆಯೇ. ನಾರ್ವೆಯಲ್ಲಿ ಪ್ರೌಢಶಾಲೆಯ ಮೇಲ್ತರಗತಿಗಳಲ್ಲಿ ಈ ಸಿದ್ಧಾಂತವನ್ನು ಹೆಚ್ಚು ಗಣಿತವಿಲ್ಲದೆ ಕಲಿಸುತ್ತಾರೆ. ಅಲ್ಲಿನ ಸಂಶೋಧಕರೂ ವಿದ್ಯಾರ್ಥಿಗಳ ಮಾತುಗಳನ್ನು ಕೇಳಿ ಈ ಹಾಳೆಯ ತೊಡಕನ್ನು ಗುರುತಿಸಿದ್ದಾರೆ.

ಕಾಲದ ಮಾತು ಮಗಳಿಗೆ ಹಿಡಿಸಿದ್ದು ಲೆಕ್ಕದ ಮೂಲಕ. ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹದ ಗಡಿಯಾರ, ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ, ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೋಡುತ್ತದೆ. ವೇಗದಿಂದಾಗಿ 7 ಹಿಂದೆ ಬೀಳುತ್ತದೆ. ಜಮೆಯಲ್ಲಿ ಖರ್ಚು ಕಳೆದು ಉಳಿದದ್ದು 38. ಬೆಳಕು ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಓಡುತ್ತದೆ. ತಿದ್ದದೆ ಬಿಟ್ಟರೆ ಒಂದೇ ದಿನಕ್ಕೆ 11 ಕಿಲೋಮೀಟರಿನಷ್ಟು ತಪ್ಪು! ಲೆಕ್ಕ ತಾಳೆಯಾಗದೆ ರಾತ್ರಿ ಎಂಟರವರೆಗೆ ಕುಳಿತವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಆದರೂ ಅವಳು ಸೋಲಲಿಲ್ಲ. "ನಮ್ಮನ್ನು ಯಾರೂ ಕೆಳಗೆ ಸೆಳೆಯುತ್ತಿಲ್ಲ, ನೆಲವೇ ಮೇಲಕ್ಕೆ ದೂಡುತ್ತಿದೆ," ಎಂದೆ. "ಹಾಗಾದರೆ ಭೂಮಿಯ ಆಚೆ ಬದಿಯವರನ್ನೂ ನೆಲ ದೂಡುತ್ತಿರಬೇಕು. ಮತ್ತೆ ಭೂಮಿ ಉಬ್ಬಬೇಕಲ್ಲ ಅಪ್ಪಾ, ಏಕೆ ಉಬ್ಬುವುದಿಲ್ಲ?" ಅಚ್ಚ ಕನ್ನಡದಲ್ಲೇ ಕೇಳಿದಳು. ನನ್ನ ಬಿ.ಕಾಂ. ಅಲ್ಲಿಗೆ ಮುಗಿಯಿತು. ಸಭೆಯಲ್ಲಿ ಭೌತಶಾಸ್ತ್ರ ಬಲ್ಲವರಿದ್ದರೆ ಚಹಾದ ವೇಳೆಯಲ್ಲಿ ದಯಮಾಡಿ ಅವಳೊಡನೆ ಮಾತನಾಡಬೇಕು, ಕನ್ನಡದಲ್ಲೇ. ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ.