ಕೈ ಹಚ್ಚದೆ ಕಾಯುವ ಕೆಲಸ



ವನ್ಯಜೀವಿ ರಕ್ಷಣೆ ಎಂದೊಡನೆ ಬಲೆ, ಬೋನು, ಅರಿವಳಿಕೆಯ ಬಂದೂಕು ಕಣ್ಣಮುಂದೆ ಬರುತ್ತವೆ. ಮಾಗಡಿ ಕೆರೆಯ ದಂಡೆಯಲ್ಲಿ ಇವೊಂದೂ ಇಲ್ಲ. ನೀರಾವರಿಗೆಂದು ಮಳೆನೀರು ಹಿಡಿಯಲು ಮನುಷ್ಯರೇ ಕಟ್ಟಿದ, ಸುಮಾರು 50 ಹೆಕ್ಟೇರ್ ಹರವಿನ ಕೆರೆ ಅದು. ಮಧ್ಯ ಏಷ್ಯಾದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ದಕ್ಷಿಣ ಭಾರತದ ದೊಡ್ಡ ಚಳಿಗಾಲದ ನೆಲೆಗಳಲ್ಲಿ ಅದೂ ಒಂದು. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಅದು ಸೇರಿದ ಸುದ್ದಿ 2024ರ ಜನವರಿಯ ಕೊನೆಯಲ್ಲಿ ಪ್ರಕಟವಾಯಿತು.

ಈ ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ. ಅದರ ಮೇವು ಸುತ್ತಲಿನ ಹೊಲಗಳ ಎಳೆ ಪೈರು, ಕಾಳು. ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾಗುತ್ತಲೇ ಹೊಲಕ್ಕಿಳಿದು, ಬೆಳಗಿಗೆ ಕೆರೆಗೆ ಮರಳುತ್ತದೆ. ಅಂದರೆ ಅದರ ಊಟದ ವೆಚ್ಚವನ್ನು ಭರಿಸುವವನು ರೈತ. ಈ ಲೆಕ್ಕ ಯಾವ ಪ್ರಶಸ್ತಿಪತ್ರದಲ್ಲಿಯೂ ಬರುವುದಿಲ್ಲ. ಇಷ್ಟಾದರೂ ಹಕ್ಕಿ ಉಳಿದಿರುವುದು ಯಾರೋ ಅದನ್ನು ಹಿಡಿದು ಉಪಚರಿಸಿದ್ದರಿಂದಲ್ಲ, ಹಗಲಿನ ನಿದ್ದೆಗೆ ಭಂಗ ತಾರದೆ ಬಿಟ್ಟಿದ್ದರಿಂದ. ಚಿತ್ರ ತೆಗೆಯಲೆಂದು ಒಬ್ಬನು ನೀರಿನಂಚಿಗೆ ಓಡಿದರೆ ಇಡೀ ಹಿಂಡು ಮೇಲೇಳುತ್ತದೆ. ಮರಳುವ ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಅಷ್ಟಷ್ಟೇ ಕರಗುತ್ತದೆ.

ಪಟ್ಟಣದಲ್ಲಿ ಈ ತಾಳ್ಮೆ ಕಡಿಮೆ. 2016ರ ಫೆಬ್ರುವರಿ 7ರಂದು ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ಹೊಕ್ಕಿತು. ಅಂದು ಭಾನುವಾರ, ಮಕ್ಕಳಿರಲಿಲ್ಲ. ನೆರೆದ ಜನಜಂಗುಳಿಯ ನಡುವೆಯೇ ಕಾರ್ಯಾಚರಣೆ ನಡೆಯಿತು. ಪ್ರಾಣಿಯನ್ನು ಹಿಡಿಯಲು ರಾತ್ರಿಯಾಯಿತು. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಸೇರಿದಂತೆ ಕೆಲವರು ಗಾಯಗೊಂಡರು. ಇಂಥ ವೇಳೆಯಲ್ಲಿ ಅರಿವಳಿಕೆಯ ಮದ್ದಿನಷ್ಟೇ ಮುಖ್ಯವಾದುದು ಜನರನ್ನು ದೂರವಿಡುವ ಕೆಲಸ. ಅದಕ್ಕೆ ತಜ್ಞರೇ ಬೇಕಿಲ್ಲ. ಓಣಿಯ ಹುಡುಗರು ಸಾಕು.

ಚಿರತೆ ಎಂದೋ ಒಮ್ಮೆ ಬಂದೀತು. ಗದಗ-ಬೆಟಗೇರಿಯಲ್ಲಿ ವರ್ಷವರ್ಷವೂ ಬರುವುದು ಕಾರಹುಣ್ಣಿಮೆ, ಅದರೊಂದಿಗೆ ಗಾಳಿಪಟ. ನೈಲಾನಿನ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿದೆ. ನಿಷೇಧವು ಮರದ ಕೊಂಬೆಗೆ ತಿಳಿಯದು. ಹತ್ತಿಯ ನೂಲು ಮಳೆಗೆ ಕೊಳೆಯುತ್ತದೆ. ನೈಲಾನ್ ಮುಂದಿನ ಹುಣ್ಣಿಮೆಗೂ ತೂಗುತ್ತಿರುತ್ತದೆ. ಹಬ್ಬ ಮುಗಿದ ಮೇಲೂ ಹದ್ದು, ಗೂಬೆ, ಬಾವಲಿಗಳು ಅದರಲ್ಲಿ ಸಿಲುಕುತ್ತವೆ.

ಸಿಲುಕಿದ ಹಕ್ಕಿ ಕೈಗೆಟುಕುವಂತಿದ್ದರೆ ಮೊದಲು ಬಟ್ಟೆ ಹೊದಿಸಬೇಕು. ಕಣ್ಣಿಗೆ ಕತ್ತಲಾದರೆ ಅದರ ಗಾಬರಿ ಇಳಿಯುತ್ತದೆ. ಕೊಂಬೆಯ ಕಡೆಯ ದಾರವನ್ನು ಕತ್ತರಿಸಬಹುದು, ರೆಕ್ಕೆಯೊಳಗೆ ಹೊಕ್ಕ ದಾರವನ್ನು ಎಳೆಯಬಾರದು. ಅದು ಪಶುವೈದ್ಯರ ಕೆಲಸ. ಕರುಣೆಯಿಂದ ಕೊಕ್ಕು ಬಿಡಿಸಿ ನೀರು ಹಾಕುವುದುಂಟು. ಆ ನೀರು ಶ್ವಾಸಕೋಶಕ್ಕಿಳಿದು ಹಕ್ಕಿ ಸಾಯುತ್ತದೆ. ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸದ್ದಿಲ್ಲದ ಮೂಲೆಯಲ್ಲಿರಿಸಿ, ಅರಣ್ಯ ಇಲಾಖೆಗೆ ತಿಳಿಸುವುದಷ್ಟೇ ಉಳಿದ ಕರ್ತವ್ಯ. ವಿದ್ಯುತ್ ತಂತಿಯಲ್ಲಿ ಸಿಲುಕಿದ್ದರೆ ಹೆಸ್ಕಾಂ ಸಿಬ್ಬಂದಿ ಬರುವವರೆಗೆ ಯಾರೂ ಕೋಲೆತ್ತಬಾರದು.

ಗಾಯವಿಲ್ಲದ, ಗರಿ ಮೂಡಿದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಅನಾಥವಲ್ಲ. ತಾಯಿ ಸಮೀಪದಲ್ಲಿಯೇ ಇರುತ್ತದೆ. ಅದನ್ನು ಮನೆಗೆ ಒಯ್ಯುವುದು ರಕ್ಷಣೆಯಲ್ಲ, ಅಪಹರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿಯೂ ಬೇಟೆ ಎಂಬ ಮಾತಿಗೆ ಕೊಲ್ಲುವುದೆಂದಷ್ಟೇ ಅರ್ಥವಲ್ಲ. ಹಿಡಿಯುವುದು, ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು ಎಲ್ಲವೂ ಅದರಲ್ಲಿ ಸೇರಿವೆ. ಸಾಕಿಕೊಂಡ ಗಿಳಿಯ ಬಗೆಗೂ ಇದೇ ಮಾತು. ಕೇಳಲು ಕಹಿಯಾದರೂ ಸತ್ಯ.

ಕಾರಹುಣ್ಣಿಮೆಯ ಮರುದಿನ ಶಾಲೆಯ ಮಕ್ಕಳು ಹಿರಿಯರೊಡನೆ ಗುಂಪಾಗಿ ಹೊರಟು, ತಂತಿಗಳ ತಂಟೆಗೆ ಹೋಗದೆ, ಕೈಗೆಟುಕುವ ಮರಗಳಿಂದ ದಾರ ಬಿಡಿಸಿ ತರಲಿ. ಬಿಡಿಸಿದ್ದನ್ನು ತುಂಡುತುಂಡಾಗಿ ಕತ್ತರಿಸಿಯೇ ಕಸಕ್ಕೆ ಹಾಕಬೇಕು. ಉದ್ದದ ದಾರ ತಿಪ್ಪೆಯಲ್ಲಿ ಬಿದ್ದರೆ ಅಲ್ಲಿ ಮೇವು ಹುಡುಕುವ ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.