ನಂಬದವರಿಗೂ ನಾಲ್ಕು ಹೆಗಲು

(ಚೆನ್ನೈ ಪುರಸೈವಾಕ್ಕಂ ಉಪನ್ಯಾಸದ ಲಿಖಿತ ರೂಪ)



ಪುರಸೈವಾಕ್ಕಂ ಎಂಬ ಹೆಸರಿನಲ್ಲಿ ಒಂದು ಮರವಿದೆ. ತಮಿಳಿನ ‘ಪುರಸು’ ಎಂದರೆ ಕನ್ನಡದ ಮುತ್ತುಗ. ಇಲ್ಲಿಯ ಗಂಗಾಧರೇಶ್ವರ ದೇವಾಲಯದ ಸ್ಥಳವೃಕ್ಷವೂ ಅದೇ. ಇಂದು ಬೀದಿಯಲ್ಲಿ ಮುತ್ತುಗ ಕಾಣುವುದಿಲ್ಲ. ಜವಳಿ ಅಂಗಡಿ, ಪಾತ್ರೆ ಅಂಗಡಿಗಳ ಸಾಲು ಕಾಣುತ್ತದೆ. ಅವುಗಳ ಹಿಂದಿನ ಓಣಿಗಳಲ್ಲಿ ರಾಜಸ್ಥಾನ ಗುಜರಾತುಗಳಿಂದ ಬಂದು ತಲೆಮಾರುಗಳಿಂದ ನೆಲೆಸಿರುವ ಜೈನ ಕುಟುಂಬಗಳ ಮನೆಗಳು, ಜಿನಾಲಯಗಳು, ಉಪಾಶ್ರಯಗಳು ಕಾಣುತ್ತವೆ. ಇಲ್ಲಿಂದ ಕಾಲ್ನಡಿಗೆಯಲ್ಲೇ ಹೋಗಿ ಬರಬಹುದಾದ ವೇಪೇರಿಯಲ್ಲಿ ಪೆರಿಯಾರ್ ತಿಡಲ್ ಇದೆ. 1973ರ ಡಿಸೆಂಬರ್ 24ರಂದು ತೀರಿಕೊಂಡ ಪೆರಿಯಾರ್ ಇ.ವಿ. ರಾಮಸ್ವಾಮಿಯವರ ಸಮಾಧಿ ಆ ಆವರಣದಲ್ಲಿದೆ. ಈರೋಡಿನಲ್ಲಿ ಹುಟ್ಟಿ ತಮಿಳುನಾಡನ್ನು ಅಲುಗಾಡಿಸಿದ ಆ ಮನುಷ್ಯನ ಮನೆಮಾತು ಕನ್ನಡವಾಗಿತ್ತು ಎಂಬುದನ್ನು ಕನ್ನಡಿಗರೇ ಆಗಾಗ ಮರೆಯುತ್ತಾರೆ.

ಸೃಷ್ಟಿಕರ್ತನಾದ ದೇವರಿಲ್ಲ ಎಂಬ ಮಾತನ್ನು ಈ ಪ್ರದೇಶದಲ್ಲಿ ಎರಡು ಸಮುದಾಯಗಳು ಹೇಳುತ್ತವೆ. ಒಂದು ಅದನ್ನು ಶಾಸ್ತ್ರದಲ್ಲಿ ಇಟ್ಟುಕೊಂಡು ಸ್ತವನ, ಪೂಜೆ, ಉಪವಾಸಗಳ ನಡುವೆ ಬಾಳುತ್ತದೆ. ಇನ್ನೊಂದು ಅದನ್ನು ಬೀದಿಯಲ್ಲಿ ನಿಂತು ಘೋಷಿಸುತ್ತದೆ. ಇವೆರಡರ ನಡುವೆ ಮಾತುಕತೆ ಎಂಬುದು ಹೆಚ್ಚೇನೂ ನಡೆದಿಲ್ಲ. ಇಂದಿನ ವಿಷಯ ಇವೆರಡರಲ್ಲಿ ಯಾವುದು ಸರಿ ಎಂಬುದಲ್ಲ. ನಂಬಿಕೆ ಕಳೆದುಕೊಂಡ ಒಬ್ಬ ಮನುಷ್ಯ ಆಮೇಲೆ ಯಾರೊಡನೆ ಬಾಳುತ್ತಾನೆ ಎಂಬುದು.

‘ನಾಸ್ತಿಕ’ ಎಂಬ ಪದವನ್ನು ಮೊದಲು ನೋಡಬೇಕು. ವೇದವನ್ನು ನಿಂದಿಸುವವನೇ ನಾಸ್ತಿಕ ಎಂಬುದು ಮನುಸ್ಮೃತಿಯ ಅಳತೆ. ಆ ಅಳತೆಯಲ್ಲಿ ಜೈನರೂ ಬೌದ್ಧರೂ ಚಾರ್ವಾಕರೂ ಒಂದೇ ಪಂಕ್ತಿಯವರು. ಜೈನ ಆಚಾರ್ಯರು ಈ ಹೆಸರನ್ನು ತಮ್ಮ ಮೇಲಿಂದ ಇಳಿಸಿ, ಆತ್ಮ ಪರಲೋಕ ಕರ್ಮಫಲಗಳನ್ನು ಒಪ್ಪದವರ ಮೇಲೆ ಇಟ್ಟರು. ಹೊರೆ ಒಂದೇ, ಹೊರುವ ತಲೆ ಬೇರೆಯಾಯಿತು. ಆದರೂ ಪರಂಪರೆಯಲ್ಲಿ ಒಂದು ಬಾಗಿಲು ಮುಚ್ಚದೆ ಉಳಿಯಿತು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಲೋಕಕ್ಕೆ ಕರ್ತನೊಬ್ಬನಿದ್ದಾನೆ ಎಂಬ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ಅಲ್ಲಗಳೆಯುವ ಭಾಗವಿದೆ. ಅದೇ ಗ್ರಂಥದಲ್ಲಿ ಅಲಕಾಪುರಿಯ ಅರಸ ಮಹಾಬಲನ ಸಭೆ ಬರುತ್ತದೆ. ಅವನಿಗೆ ನಾಲ್ವರು ಮಂತ್ರಿಗಳು. ಸ್ವಯಂಬುದ್ಧ ಜಿನಧರ್ಮವನ್ನು ಹೇಳುತ್ತಾನೆ. ಮಹಾಮತಿ ಎದ್ದು, ದೇಹದಿಂದಾಚೆಗೆ ಆತ್ಮವೆಂಬುದಿಲ್ಲ ಎನ್ನುತ್ತಾನೆ. ಸಂಭಿನ್ನಮತಿಯದು ವಿಜ್ಞಾನವಾದ, ಶತಮತಿಯದು ಶೂನ್ಯವಾದ. ಕನ್ನಡದ ಆದಿಕವಿ ಪಂಪ 941ರ ತನ್ನ ಆದಿಪುರಾಣಕ್ಕೆ ಎತ್ತಿಕೊಂಡದ್ದೂ ಇದೇ ಮಹಾಬಲನ ಕಥೆಯನ್ನೇ.

ವಾದದಲ್ಲಿ ಗೆಲ್ಲುವವನು ಸ್ವಯಂಬುದ್ಧನೇ. ಕಾವ್ಯ ಬರೆದವರು ಯಾರು ಎಂಬುದು ಗೊತ್ತಿರುವವರಿಗೆ ಅದರಲ್ಲಿ ಅಚ್ಚರಿಯಿಲ್ಲ. ಉಳಿದ ಮೂವರಿಗೆ ಮುಂದೆ ದುರ್ಗತಿಯೂ ಒದಗುತ್ತದೆ. ಗಮನಿಸಬೇಕಾದ ಸಂಗತಿ ಬೇರೆ. ಆತ್ಮವಿಲ್ಲ ಎಂದವನು ಆ ರಾಜ್ಯದಲ್ಲಿ ಮಂತ್ರಿಯಾಗಿದ್ದ. ಅವನ ಮಾತನ್ನು ಸಭೆ ಕೊನೆಯವರೆಗೂ ಕೇಳಿತು. ಇನ್ನೂ ಮುಂದಕ್ಕೆ ಹೋದರೆ, ಆ ಮಹಾಬಲನ ಜೀವ ಶ್ರೀಧರದೇವನಾಗಿ ಹುಟ್ಟಿದಾಗ, ನರಕದಲ್ಲಿದ್ದ ಶತಮತಿಯನ್ನು ಹುಡುಕಿಕೊಂಡು ಅಲ್ಲಿಗೇ ಹೋಗಿ ಮಾತನಾಡಿಸುತ್ತಾನೆ. ಪುರಾಣ ಅದನ್ನು ಧರ್ಮಬೋಧೆಯೆಂದೇ ಹೇಳಲಿ. ಹಳೆಯ ಮಂತ್ರಿಯನ್ನು ಅರಸ ಕೈಬಿಡಲಿಲ್ಲ ಎಂಬುದೂ ಅದರೊಳಗಿದೆ. ಇಂದು ಪುರಸೈವಾಕ್ಕಂನ ಒಂದು ವ್ಯಾಪಾರಿ ಮನೆತನದಲ್ಲಿ ಮಗನೊಬ್ಬ ಮಹಾಮತಿಯ ಮಾತನ್ನಾಡಿದರೆ ಅವನಿಗೆ ಊಟದ ಮನೆಯಲ್ಲಾದರೂ ಅಷ್ಟು ಅವಕಾಶ ಸಿಗುತ್ತದೆಯೇ?

ಅಂಥ ಮಗ ಕಳೆದುಕೊಳ್ಳುವುದೇನು ಎಂದು ಲೆಕ್ಕ ಹಾಕಿದರೆ ದೇವರ ಹೆಸರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಜೈನ ಸಮಾಜದಲ್ಲಿ ಹುಟ್ಟಿದವನಿಗೆ ಶಾಲೆ, ವಿದ್ಯಾರ್ಥಿವೇತನ, ಆಸ್ಪತ್ರೆ, ಭೋಜನಶಾಲೆ, ಮದುವೆಯ ಛತ್ರ ಎಲ್ಲವೂ ಸಮಾಜದ ಮೂಲಕವೇ ಒದಗುತ್ತವೆ. ವ್ಯಾಪಾರದಲ್ಲಿ ಕಾಗದವಿಲ್ಲದೆ ಸಾಲ ಹುಟ್ಟುವುದು ಮನೆತನದ ಮಾತಿನ ಮೇಲೆ. ಸಂಬಂಧ ಕೂಡುವುದೂ ಅಲ್ಲಿಯೇ. ಚಾತುರ್ಮಾಸದಲ್ಲಿ ಪ್ರವಚನಕ್ಕೆ ಹೋಗದವನನ್ನು ಮೊದಲ ವರ್ಷ ಸೋಮಾರಿ ಎನ್ನುತ್ತಾರೆ. ಮೂರನೆಯ ವರ್ಷ ಅವನ ತಂಗಿಯ ಸಂಬಂಧದ ಮಾತು ಬಂದಾಗ ಅವನ ಸುದ್ದಿಯೂ ಬರುತ್ತದೆ. ಹೀಗಾಗಿ ಬಹುಪಾಲು ಮಂದಿ ಬಾಯಿ ಮುಚ್ಚಿಕೊಂಡು ಬಾಳುತ್ತಾರೆ. ತಾಯಿಗಾಗಿ ಸೂರ್ಯಾಸ್ತಕ್ಕೆ ಮೊದಲೇ ಉಣ್ಣುತ್ತಾರೆ. ಸಂವತ್ಸರಿಯ ದಿನ ಎಲ್ಲರಂತೆ ಕೈಮುಗಿದು ಕ್ಷಮೆ ಕೇಳುತ್ತಾರೆ; ಕ್ಷಮೆ ಕೇಳುವುದಕ್ಕೆ ಸಿದ್ಧಶಿಲೆಯನ್ನು ನಂಬಬೇಕಾಗಿಲ್ಲ ಎಂಬ ಸಮಾಧಾನ ಅವರಿಗುಂಟು. ಇದನ್ನು ಕಪಟ ಎಂದು ಕರೆಯುವುದು ಅವಸರದ ತೀರ್ಪು. ಬೇರೆಲ್ಲೂ ನಿಲ್ಲಲು ನೆಲವಿಲ್ಲದವನು ಇದ್ದ ನೆಲದಲ್ಲೇ ನಿಲ್ಲುತ್ತಾನೆ. 2011ರ ಜನಗಣತಿಯಲ್ಲಿ ತಾವು ನಾಸ್ತಿಕರು ಎಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು 33 ಸಾವಿರ. ಪೆರಿಯಾರರ ತಮಿಳುನಾಡಿನಲ್ಲಿ ಅವರ ಸಂಖ್ಯೆ ಒಂದೂವರೆ ಸಾವಿರವನ್ನೂ ಮುಟ್ಟಲಿಲ್ಲ. ನಂಬದವರ ಸಂಖ್ಯೆ ಇದು ಎಂದು ಯಾರೂ ತಿಳಿಯಬೇಕಾಗಿಲ್ಲ; ಗಣತಿದಾರನ ಎದುರು, ಮನೆಯವರೆಲ್ಲ ಕೇಳುವಂತೆ ಹಾಗೆ ಹೇಳಬಲ್ಲವರ ಸಂಖ್ಯೆ ಇದು.

ಒಂಟಿ ನಾಸ್ತಿಕನ ಈ ಪಾಡನ್ನು ಮದರಾಸು ಬಹಳ ಹಿಂದೆಯೇ ಕಂಡಿತ್ತು. 1878ರ ಹೊತ್ತಿಗೆ ಇಲ್ಲಿ ಹಿಂದೂ ಫ್ರೀಥಾಟ್ ಯೂನಿಯನ್ ಎಂಬ ಸಂಘ ಹುಟ್ಟಿತು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್‌ಲಾ ಕಟ್ಟಿದ್ದ ಸಂಘದೊಡನೆ ಅದಕ್ಕೆ ಸಂಪರ್ಕವಿತ್ತು. 1882ರಿಂದ 1888ರವರೆಗೆ ತಮಿಳಿನಲ್ಲಿ ‘ತತ್ತುವ ವಿವೇಸಿನಿ’, ಇಂಗ್ಲಿಷಿನಲ್ಲಿ ‘ದಿ ಥಿಂಕರ್’ ಎಂಬ ಪತ್ರಿಕೆಗಳು ಜಾತಿಯನ್ನೂ ಬಾಲ್ಯವಿವಾಹವನ್ನೂ ಪೌರೋಹಿತ್ಯವನ್ನೂ ಪ್ರಶ್ನಿಸಿದವು. ಆಮೇಲೆ ಆ ದನಿ ಕ್ಷೀಣಿಸಿತು. ಪತ್ರಿಕೆಯೊಂದು ಓದುಗನಿಗೆ ವಾದವನ್ನು ಕೊಡಬಲ್ಲದು. ಮಗಳ ಮದುವೆಗೆ ಮುಹೂರ್ತವಿಲ್ಲದೆ ನೆರೆಯುವ ನೂರು ಜನರನ್ನು ಕೊಡಲಾರದು.

ಆ ನೂರು ಜನರನ್ನು ಕೂಡಿಸಿದವರು ಪೆರಿಯಾರ್. 1925ರಲ್ಲಿ ‘ಕುಡಿ ಅರಸು’ ಆರಂಭವಾಯಿತು, ಆತ್ಮಗೌರವ ಚಳವಳಿ ಮೊಳೆಯಿತು. ದೇವರ ವಿಗ್ರಹ ಒಡೆದದ್ದು, ಭಾಷಣಗಳ ಬಿರುಸು, ಇವೇ ಅವರ ಹೆಸರಿನೊಡನೆ ಹೊರನಾಡಿನಲ್ಲಿ ಪ್ರಸಿದ್ಧವಾಗಿವೆ. ಅವರ ಶಾಶ್ವತ ಕೆಲಸ ಮಾತ್ರ ಮದುವೆ. ಪುರೋಹಿತನಿಲ್ಲ, ಅಗ್ನಿಯಿಲ್ಲ, ಪಂಚಾಂಗವಿಲ್ಲ. ಗಂಡೂ ಹೆಣ್ಣೂ ಎಲ್ಲರೆದುರು ತಮಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಹೇಳುತ್ತಾರೆ, ಹಾರ ಬದಲಿಸುತ್ತಾರೆ, ಬಂದವರಲ್ಲಿ ನಾಲ್ಕಾರು ಜನ ಮಾತನಾಡುತ್ತಾರೆ, ಊಟವಾಗುತ್ತದೆ. ಈ ಮದುವೆಯ ಮನೆಯಲ್ಲಿ ನಾಸ್ತಿಕನಿಗೆ ಮೊದಲ ಬಾರಿಗೆ ಬೀಗರು ಸಿಕ್ಕರು.

ಕಾನೂನು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಅದಕ್ಕೂ ಮೊದಲಿನ 1872ರ ಕಾಯ್ದೆಯ ಕಥೆ ಜೈನರು ತಿಳಿದಿರಬೇಕಾದದ್ದು. ಧಾರ್ಮಿಕ ವಿಧಿಯಿಲ್ಲದೆ ನೋಂದಾಯಿತ ಮದುವೆಯಾಗಬೇಕೆಂದರೆ ವಧೂವರರು ತಾವು ಹಿಂದೂ, ಕ್ರೈಸ್ತ, ಯಹೂದಿ, ಮುಸ್ಲಿಂ, ಪಾರ್ಸಿ, ಬೌದ್ಧ, ಸಿಖ್, ಜೈನ ಇವುಗಳಲ್ಲಿ ಯಾವ ಧರ್ಮವನ್ನೂ ಅನುಸರಿಸುವವರಲ್ಲ ಎಂದು ಬರೆದುಕೊಡಬೇಕಾಗಿತ್ತು. ಅಂದರೆ ಪ್ರೀತಿಸಿದವರನ್ನು ಮದುವೆಯಾಗಲು ಆಸ್ತಿಕನೂ ಕಾಗದದ ಮೇಲೆ ನಾಸ್ತಿಕನಾಗಬೇಕಿತ್ತು! 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಸ್ವಲ್ಪ ಸಡಿಲಿಕೆ ಕೊಟ್ಟಿತು. 1954ರ ವಿಶೇಷ ವಿವಾಹ ಕಾಯ್ದೆ ಆ ಘೋಷಣೆಯನ್ನೇ ತೆಗೆದುಹಾಕಿತು. ಆದರೆ ಆತ್ಮಗೌರವ ಮದುವೆಗಳ ಗತಿ ಬೇರೆಯಾಯಿತು. ಆಸ್ತಿಯ ವ್ಯಾಜ್ಯವೊಂದರಲ್ಲಿ 1953ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅಂಥ ಮದುವೆ ಸಿಂಧುವಲ್ಲ ಎಂದಿತು. ದಶಕಗಳ ಕಾಲ ಸಂಸಾರ ಮಾಡಿದ ಹೆಣ್ಣುಮಕ್ಕಳು ಕಾನೂನಿನ ಕಣ್ಣಿನಲ್ಲಿ ಹೆಂಡತಿಯರಲ್ಲ, ಮಕ್ಕಳು ವಾರಸುದಾರರಲ್ಲ ಎಂಬ ಭಯ ಮನೆಮನೆಗೂ ಹೊಕ್ಕಿತು. ನಂಬಿಕೆ ಬಿಟ್ಟದ್ದಕ್ಕೆ ತೆರಬೇಕಾದ ಬೆಲೆ ಗಂಡಿಗಿಂತ ಹೆಣ್ಣಿಗೆ ಎಷ್ಟು ಹೆಚ್ಚು ಎಂಬುದು ಇಲ್ಲಿ ಕಾಣುತ್ತದೆ. ತಿಡಲಿನ ಭಾಷಣಗಳಲ್ಲಿ ಗಂಡಸರು ಎಷ್ಟೇ ಗುಡುಗಿದರೂ ಅಪಾಯ ಇದ್ದದ್ದು ಅವರ ಹೆಂಡಿರಿಗೆ. ಅಣ್ಣಾದೊರೈ ಅಧಿಕಾರಕ್ಕೆ ಬಂದ 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಮಿಳುನಾಡಿನ ಮಟ್ಟಿಗೆ 7ಎ ಸೇರಿತು. ಮುಂದಿನ ಮದುವೆಗಳಿಗೆ ಮಾತ್ರವಲ್ಲ, ಹಿಂದೆ ಆಗಿಹೋದವಕ್ಕೂ ಅದು ಮಾನ್ಯತೆ ಕೊಟ್ಟಿತು. ದೇವರನ್ನೊಪ್ಪದವರ ಮದುವೆ ‘ಹಿಂದೂ’ ಎಂಬ ಹೆಸರಿನ ಕಾಯ್ದೆಯೊಳಗೆ ಆಶ್ರಯ ಪಡೆದದ್ದು ಈ ದೇಶದಲ್ಲಷ್ಟೇ ಸಾಧ್ಯ. ಆ ಕಾಯ್ದೆ ಜೈನರಿಗೂ ಅನ್ವಯಿಸುವುದರಿಂದ, ಪುರಸೈವಾಕ್ಕಂನ ಜೈನ ಯುವಕ ಯುವತಿಯರಿಗೂ ಈ ಬಾಗಿಲು ತೆರೆದೇ ಇದೆ.

ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್, ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಎದುರಿಸಿದರು. 1940ರಲ್ಲಿ ಮುದುನೂರಿನಲ್ಲಿ ಅವರು ಆರಂಭಿಸಿದ ನಾಸ್ತಿಕ ಕೇಂದ್ರ 1947ರಲ್ಲಿ ವಿಜಯವಾಡಕ್ಕೆ ಬಂತು. ಅವರ ಮಗಳು ಮನೋರಮಾ ದಲಿತ ಯುವಕ ಅರ್ಜುನರಾವ್ ಅವರನ್ನು ಮದುವೆಯಾಗಲು ನಿಶ್ಚಯವಾದಾಗ, ಆ ಮದುವೆಯನ್ನು ತಮ್ಮ ಆಶ್ರಮದಲ್ಲೇ ನಡೆಸಿಕೊಡಲು ಗಾಂಧೀಜಿ ಒಪ್ಪಿದರು. ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರನ್ನು ಹೇಳಲೂ ಒಪ್ಪಿದರು. ಮದುವೆಗೆ ಮುನ್ನವೇ ಅವರ ಕೊಲೆಯಾಯಿತು. 1948ರ ಮಾರ್ಚಿಯಲ್ಲಿ ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು. ದಿನವೂ ಪ್ರಾರ್ಥನೆ ಮಾಡುತ್ತಿದ್ದ ಒಬ್ಬ ಮುದುಕ ನಾಸ್ತಿಕನ ಮಗಳಿಗಾಗಿ ಒಂದು ಪದ ಬದಲಿಸಿದರು, ಅದರಿಂದ ಅವರ ಭಕ್ತಿಗೆ ಕುಂದೇನೂ ಬರಲಿಲ್ಲ. ಸಮಾಜದ ಛತ್ರಗಳ ಆಡಳಿತ ಮಂಡಳಿಗಳು ನಿಯಮಾವಳಿ ತಿದ್ದುವಾಗ ಈ ಸಂಗತಿಯನ್ನು ನೆನೆಯಬಹುದು.

ಬೆಂಗಳೂರಿನಲ್ಲಿ ಡಾ. ಎಚ್. ನರಸಿಂಹಯ್ಯನವರ ದಾರಿ ಇನ್ನೂ ಮೃದುವಾದದ್ದು. 1962ರಲ್ಲಿ ಆರಂಭವಾದ ಬೆಂಗಳೂರು ವಿಜ್ಞಾನ ವೇದಿಕೆ ಯಾರ ನಂಬಿಕೆಯನ್ನೂ ಕೇಳಲಿಲ್ಲ; ವಾರವಾರವೂ ಬಂದು ಕುಳಿತು ಕೇಳಬಹುದಾದ, ಪ್ರಶ್ನಿಸಬಹುದಾದ ಒಂದು ಸಭಾಂಗಣವನ್ನು ಕೊಟ್ಟಿತು. ಎಷ್ಟೋ ಜನ ಸಂದೇಹಿಗಳಿಗೆ ತಾವು ಒಂಟಿಯಲ್ಲ ಎಂದು ತಿಳಿಯಲು ಅಷ್ಟು ಸಾಕಾಗಿತ್ತು.

ತಿಡಲಿಗೆ ಮರಳಿದರೆ, ಅಲ್ಲಿ ಗ್ರಂಥಾಲಯವಿದೆ, ‘ವಿಡುದಲೈ’ ಪತ್ರಿಕೆಯಿದೆ, ಸಭಾಂಗಣವಿದೆ, ಆತ್ಮಗೌರವ ಮದುವೆಗಳನ್ನು ಕೂಡಿಸಿ ನಡೆಸುವ ಕೇಂದ್ರವೂ ಇದೆ. ಸಂಜೆ ಹೊತ್ತು ಹೋಗಿ ಕುಳಿತರೆ ಯಾವ ದೇವರಿಗೆ ನಡೆದುಕೊಳ್ಳುತ್ತೀರಿ ಎಂದು ಯಾರೂ ಕೇಳದ ಜಾಗ ಅದು. ಕೊರತೆಗಳೂ ಇವೆ. ನಾಯಕನ ಪ್ರತಿಮೆಗೆ ಹಾರ ಹಾಕುವ ಶ್ರದ್ಧೆ ಕೆಲವೊಮ್ಮೆ ಬಿಟ್ಟುಬಂದ ಶ್ರದ್ಧೆಯನ್ನೇ ನೆನಪಿಸುತ್ತದೆ. ಬೇರೆ ಭಾಷೆಯ, ವ್ಯಾಪಾರಿ ಕುಲದ, ಬೇರೆ ರಾಜಕೀಯದ ಸಂದೇಹಿಯೊಬ್ಬ ಅಲ್ಲಿ ಒಳಗಿನವನಾಗುವುದು ಸುಲಭವಲ್ಲ. ದೇವರನ್ನು ಬಿಟ್ಟವನು ದ್ರಾವಿಡ ರಾಜಕಾರಣವನ್ನೂ ಒಪ್ಪಿಯೇ ಬರಬೇಕೆಂದಾದರೆ, ಒಂದು ಸಂಘದಿಂದ ಹೊರಬಿದ್ದವನು ಇನ್ನೊಂದರ ಹೊಸ್ತಿಲಲ್ಲಿ ನಿಲ್ಲಬೇಕಾಗುತ್ತದೆ. ಮಾರ್ವಾಡಿ ಮನೆಯ ನಾಸ್ತಿಕನಿಗೆ ವೇಪೇರಿ ಅಷ್ಟು ಹತ್ತಿರವಿದ್ದೂ ದೂರವೇ.

ಕೂಟ ಸಿಕ್ಕವರಿಗೂ ಅಪಾಯ ತಪ್ಪಿದ್ದಲ್ಲ. ದಾಭೋಲ್ಕರ್, ಪನ್ಸಾರೆ, ಕಲಬುರ್ಗಿ, ಗೌರಿ ಲಂಕೇಶ್ ಎಂಬ ಹೆಸರುಗಳು ಕನ್ನಡ ಓದುಗರಿಗೆ ಹೊಸವಲ್ಲ. 2017ರ ಮಾರ್ಚಿಯಲ್ಲಿ ಕೊಯಮತ್ತೂರಿನಲ್ಲಿ ಎಚ್. ಫಾರೂಕ್ ಎಂಬ 31ರ ತರುಣನ ಕೊಲೆಯಾದದ್ದು ಅಷ್ಟು ಪರಿಚಿತವಲ್ಲ. ಮುಸ್ಲಿಂ ಮನೆಯಲ್ಲಿ ಹುಟ್ಟಿ ನಾಸ್ತಿಕನಾಗಿ, ಪೆರಿಯಾರ್‌ವಾದಿ ಸಂಘಟನೆಯೊಂದರಲ್ಲಿ ದುಡಿಯುತ್ತಿದ್ದವನು ಆತ. ಮಗನ ಮರಣದ ನಂತರ ಅವನ ತಂದೆ ಮಗನ ಸಂಘಟನೆಯನ್ನೇ ಸೇರುವುದಾಗಿ ಸಾರಿದರು. ಮಗನ ಜೊತೆಗಾರರಲ್ಲಿ ಆ ತಂದೆ ತನ್ನ ಬಂಧುಗಳನ್ನು ಕಂಡರು. ನಾಸ್ತಿಕರಿಗೆ ಸಮುದಾಯವೆಲ್ಲಿದೆ ಎಂದು ಕೇಳುವವರು ಆ ತಂದೆಯ ಮಾತನ್ನು ಓದಬೇಕು.

ಕೊನೆಗೆ ಮರಣದ ವಿಷಯ. ಹೊರಲು ನಾಲ್ಕು ಜನರಿಲ್ಲದ ಸಾವು ಎಂದರೆ ಕನ್ನಡದಲ್ಲಿ ಶಾಪ. ಜೈನ ಧರ್ಮ ಪಿಂಡವನ್ನೂ ಶ್ರಾದ್ಧವನ್ನೂ ಒಪ್ಪಿದ್ದಲ್ಲ. ಸತ್ತವರಿಗೆ ಇಲ್ಲಿಂದ ಅನ್ನ ಮುಟ್ಟುವುದಿಲ್ಲ ಎಂದು ಅದು ಸಾವಿರ ವರ್ಷಕ್ಕೂ ಹಿಂದೆಯೇ ಹೇಳಿತ್ತು. ಹಾಗಿರುವಾಗ ಜೈನ ಮನೆಯಲ್ಲಿ ಹುಟ್ಟಿದ ನಾಸ್ತಿಕನ ಅಂತ್ಯಕ್ರಿಯೆ ವಾಸ್ತವದಲ್ಲಿ ಕಷ್ಟದ್ದಾಗಬಾರದು. ಅನೇಕ ವಿಚಾರವಾದಿಗಳು ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಡುತ್ತಾರೆ. ಪುರಸೈವಾಕ್ಕಂಗೆ ಕಿಲ್ಪಾಕ್ ವೈದ್ಯಕೀಯ ಕಾಲೇಜು ಬಲು ಸಮೀಪ. ಆದರೆ ಬದುಕಿದ್ದಾಗ ಹಾಕಿದ ಸಹಿ ತಾನಾಗಿಯೇ ದೇಹವನ್ನು ಅಲ್ಲಿಗೆ ಮುಟ್ಟಿಸುವುದಿಲ್ಲ. ಸತ್ತ ದಿನ ಒಪ್ಪಿ ಒಯ್ದು ಕೊಡಬೇಕಾದವರು ಮನೆಯವರೇ, ಅವರು ಪ್ರತಿದಿನ ಜಿನಾಲಯಕ್ಕೆ ಹೋಗುವವರಾದರೂ ಸರಿಯೇ. ಅವರು ಬೇಡವೆಂದರೆ ಆ ಕಾಗದ ಬರಿಯ ಕಾಗದ. ಆದ್ದರಿಂದ ಅದನ್ನು ಬರೆದವನು ಬೀರುವಿನಲ್ಲಿ ಎಲ್ಲಿಟ್ಟಿದ್ದಾನೆಂದು ಹೆಂಡತಿಗೂ ಮಕ್ಕಳಿಗೂ ತೋರಿಸಿರಬೇಕು, ಅವರೊಡನೆ ಕುಳಿತು ಒಮ್ಮೆಯಾದರೂ ಮಾತನಾಡಿರಬೇಕು. ಅಂದು ಬೆಳಿಗ್ಗೆ ಕಾಲೇಜಿಗೆ ಕರೆ ಮಾಡುವವರು ಅವರೇ.